ಹಗಲು ಪಾಳಿಗೆ ಹಾಕಿದ್ದು ಯಾರು?

"ಸಂಜೆಯೊಳಗೆ ಗೊತ್ತಾಗ್ಬೇಕು ಮೇಡಂ. ಇಲ್ಲದಿದ್ರೆ ನನ್ನನ್ನ ದೂರದ ಡಿಪೋಗೆ ಎತ್ತಿ ಹಾಕ್ತಾರಂತೆ," ಎಂದು ಬಸ್ ಡ್ರೈವರ್ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತ. ಹತ್ತು ವರ್ಷದಿಂದ ಅವನ ಪಾಲಿಗೆ ಒಂದೇ ಒಂದು ರಾತ್ರಿ ಪಾಳಿಯೂ ಬಂದಿರಲಿಲ್ಲ. ಯಾರದೋ ಕೈಕಾಲು ಹಿಡಿದು ಹಗಲು ಪಾಳಿ ಗಿಟ್ಟಿಸುತ್ತಿದ್ದಾನೆ ಎಂದು ಜೊತೆಯವರು ಮ್ಯಾನೇಜರಿಗೆ ದೂರು ಕೊಟ್ಟಿದ್ದರು. ಕೈಕಾಲು ಹಿಡಿಯುವುದಿರಲಿ, ಮ್ಯಾನೇಜರ್ ಎದುರು ಬಂದರೆ ಗೋಡೆಗೆ ಅಂಟಿಕೊಂಡು ನಡೆಯುವ ಆಸಾಮಿ ಅವನು.

ಪ್ರೋಗ್ರಾಂ ಬರೆಯುವ ಮೇಡಂ ಕುರ್ಚಿ ತೋರಿಸಿದರು.

"ನೋಡಿ, ಹಗಲು ಪಾಳಿಗೆ ಹಾಕೋದಕ್ಕೇ ಒಂದು ಸಣ್ಣ ಪ್ರೋಗ್ರಾಂ ಇದೆ. ತಾನಾಗಿ ಏನೂ ಮಾಡಲ್ಲ. ಬೇರೆ ಪ್ರೋಗ್ರಾಂ ಕರೆದು ಹೇಳಿದ್ರೆ ಮಾತ್ರ ಹಾಕುತ್ತೆ. ಹಾಗೆ ಕರೆಯೋವು ನಲವತ್ತಿವೆ. ನಿಮ್ಮ ಹೆಸರು ಹೇಳ್ತಿರೋದು ಯಾವುದೋ."

"ಅದನ್ನೇ ಕೇಳಿಬಿಡಿ, ಯಾರಪ್ಪಾ ಕರೆದಿದ್ದು ಅಂತ."

ಮೇಡಂಗೆ ನಗು ಬಂತು. ಮಾಡಬೇಕಾದದ್ದೂ ಅಷ್ಟೇ. ಕರೆದವರ ಹೆಸರು ಬರೆದಿಡು ಎಂದು ಆ ಸಣ್ಣ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಬರುವ ವಾರದ ಪಾಳಿ ಪಟ್ಟಿ ಓಡಿಸಿದರು. ಡ್ರೈವರ್ ಹೆಸರಿನ ಪಕ್ಕದಲ್ಲಿ ಕರೆದ ಪ್ರೋಗ್ರಾಮಿನ ಹೆಸರು ಮೂಡಿತು: ಎಳೆಗೂಸು.

ಮೇಡಂ ಮುಖ ಬಿಸಿಯಾಯಿತು. ಹತ್ತು ವರ್ಷದ ಹಿಂದೆ ಅದನ್ನು ಬರೆದವರು ಅವರೇ. ನಾಲ್ಕು ತಿಂಗಳ ಮಗನನ್ನು ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ವಾಪಸು ಬಂದ ಮೊದಲ ವಾರ, ಯಾರೂ ಹೇಳದೆ, ಕಣ್ಣೊರೆಸಿಕೊಳ್ಳುತ್ತಾ ಬರೆದದ್ದು: ಮನೆಯಲ್ಲಿ ವರ್ಷದೊಳಗಿನ ಮಗುವಿದ್ದರೆ ರಾತ್ರಿ ಪಾಳಿ ಬೇಡ. ಆಮೇಲೆ ಸಂಪೂರ್ಣ ಮರೆತಿದ್ದರು. ಆ ತಲೆಬಿಸಿಯಲ್ಲಿ, ನೌಕರರು ತುಂಬುವ ಅರ್ಜಿಯಲ್ಲಿ ಮಗು ಹುಟ್ಟಿದ ದಿನ ಕೇಳುವ ಬದಲು ವಯಸ್ಸು ಕೇಳಿದ್ದರು; ಒಮ್ಮೆ ಬರೆದ ವಯಸ್ಸು ಹಾಗೇ ಉಳಿಯುತ್ತಿತ್ತು. ಮರುವರ್ಷ ಅರ್ಜಿಯ ನಮೂನೆಯೇ ಬದಲಾಗಿ ವಯಸ್ಸಿನ ಖಾನೆ ಹೋಯಿತು. ಅಷ್ಟರಲ್ಲಿ ಆ ಖಾನೆ ತುಂಬಿದವನು ಇವನೊಬ್ಬನೇ.

"ಇದರಲ್ಲಿ ನಿಮ್ಮ ಮಗಳ ವಯಸ್ಸು ಇನ್ನೂ ಮೂರೇ ತಿಂಗಳು," ಎಂದರು.

"ಅವಳಾ? ನನಗೇ ಬುದ್ಧಿ ಹೇಳ್ತಾಳೆ ಈಗ."

ತಪ್ಪು ತನ್ನದೇ, ಡ್ರೈವರಿಗೆ ಇದರ ಗಂಧಗಾಳಿಯೂ ಇರಲಿಲ್ಲ ಎಂದು ಮ್ಯಾನೇಜರಿಗೆ ಪತ್ರ ಬರೆದು ಸಹಿ ಹಾಕಿದರು. ಡ್ರೈವರ್ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ. ಮೇಡಂಗೆ ಮಾತ್ರ ಸಮಾಧಾನವಾಗಲಿಲ್ಲ.

"ಸೋಮವಾರದಿಂದ ನಿಮಗೂ ರಾತ್ರಿ ಪಾಳಿ ಬರುತ್ತೆ."

"ಬರ್ಲಿ. ಅಕ್ಕನ್ನ ಕರೆಸ್ಕೊಳ್ತೀನಿ, ಮಗಳ ಜೊತೆಗೆ."

"ಮನೆಯವರು?"

"ಆ ಅರ್ಜಿ ತುಂಬಿದಾಗಲೇ ಅವಳಿರ್ಲಿಲ್ಲ ಮೇಡಂ. ತೀರ್ಕೊಂಡು ವಾರ ಆಗಿತ್ತು."

ಮೇಡಂ, "ಇಷ್ಟು ವರ್ಷ ನನ್ನ ತಪ್ಪಿಗೆ ನೀವು ಮಾತು ಕೇಳಬೇಕಾಯ್ತು," ಎಂದರು.

ಬಾಗಿಲವರೆಗೆ ಹೋದವನು ತಿರುಗಿದ.

"ನಿಮ್ಮ ತಪ್ಪಿಂದ ನನ್ನ ಮಗಳು ಇವತ್ತಿನವರೆಗೂ ಒಂದು ರಾತ್ರಿನೂ ಒಬ್ಬಳೇ ಮಲಗಿಲ್ಲ ಮೇಡಂ."