ನಾಲ್ಕನೆಯ ಕಡಲಹಾವು

ಆಫೀಸಿನಲ್ಲಿ ಒಬ್ಬ ಮನೆಮುರುಕ ಇದ್ದಾನೆ ಅಥವಾ ಇದ್ದಾಳೆ ಎಂಬುದರಲ್ಲಿ ಹಾವಾಡಿಗನಿಗೆ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ. ಮೂರನೆಯ ಮಹಡಿಗೆ ಹತ್ತುವಾಗ ಎರಡು ಕಡೆ ನಿಂತ. ಮೇಲೆ ಯಾರು ಯಾರ ಕಿವಿ ಕಚ್ಚುತ್ತಿದ್ದಾರೆಂದು ಆಲಿಸುವುದೂ ಆಯಿತು.

ನಿಜವಾದ ಹಾವು ಕಂಡರೆ ಮೇಜು ಹತ್ತುವ ಆಸಾಮಿ ಅವನು. ಆಟದ ಪುಸ್ತಕ ಮಾಡುವ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಕಡಲಹಾವು ಹುಟ್ಟಿಸುವುದೇ ಅವನ ಕೆಲಸವಾದ್ದರಿಂದ ಆ ಅಡ್ಡಹೆಸರು. ನಾಲ್ಕಾರು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ತಾವು ಮಹಾವೀರರೆಂದು ನಂಬಿಕೊಂಡು ಕತೆ ಕಟ್ಟುವ ಆಟವದು. ವೀರರಿದ್ದ ಮೇಲೆ ಕೊಲ್ಲಲು ಏನಾದರೂ ಬೇಕಲ್ಲ. ಹಾವಿನ ಉದ್ದ, ತೂಕ, ಅದು ಹಡಗಿಗೆ ಎಷ್ಟು ಸುತ್ತು ಸುತ್ತಿಕೊಳ್ಳುತ್ತದೆ, ಎಲ್ಲವನ್ನೂ ಅವನೇ ಬರೆಯಬೇಕು. ಜೊತೆಗೆ ಪ್ರತಿ ಹಾವಿಗೂ ಒಂದು ಮರ್ಮಸ್ಥಾನ. ಅಲ್ಲಿಗೆ ಏಟು ಬಿದ್ದರೆ ಹಾವು ಮಟಾಷ್. ಆಟಗಾರರು ಎರಡು ಗಂಟೆ ತಿಣುಕಾಡಿ ಅದನ್ನು ಕಂಡುಹಿಡಿಯಬೇಕೆಂಬುದು ಲೆಕ್ಕಾಚಾರ.

ಈ ಪುಸ್ತಕಕ್ಕೆ ಮಾಡಿದ ಮೊದಲ ಹಾವು ಹತ್ತು ನಿಮಿಷಕ್ಕೆ ಸತ್ತಿತು. ಕೆಳದವಡೆಯ ಕೊನೆಯ ಹಲ್ಲಿಗೆ ಏಟು. ಎರಡನೆಯದು ಎಂಟು ನಿಮಿಷ, ನಡುಬೆನ್ನಿಗೆ. ಮೂರನೆಯದರ ಬಾಲದ ತುದಿಗೆ ಏಟು ಬಿದ್ದಾಗ ಮಾಲೀಕರ ಚಹಾ ಇನ್ನೂ ಆರಿರಲಿಲ್ಲ. ಮೂರೂ ಸಲ ಜಾಗ ಹೇಳಿದ್ದು ಒಬ್ಬಳೇ ಮುದುಕಿ. ಹೊಸ ಆಟಗಳನ್ನು ಆಡಿ ನೋಡಲು ಹೊರಗಿನಿಂದ ಬರುವವಳು. ಆಫೀಸಿನಲ್ಲಿ ಅವನ ಹಾವುಗಳ ಚಿತ್ರ ಬರೆಯುವ ಚಿತ್ರಗಾರ್ತಿಯದೂ ಅವಳದೂ ಒಂದೇ ಬೀದಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಇನ್ನೊಂದು ಸಲ ಹೀಗಾದ್ರೆ ಸಮುದ್ರ ಬೇರೆಯವರಿಗೆ," ಎಂದಿದ್ದರು ಮಾಲೀಕರು. "ನೀನು ಕಪ್ಪೆ ಮಾಡ್ಕೊಂಡಿರು."

ಕಪ್ಪೆ! ಅವನಿಗೆ ಅನ್ನ ಇಳಿಯಲಿಲ್ಲ.

ಹಾಗಾಗಿ ನಾಲ್ಕನೆಯ ಹಾವಿನ ಮರ್ಮವನ್ನು ಚಿತ್ರಗಾರ್ತಿಗೆ ಹೇಳಲಿಲ್ಲ, ಕಂಪ್ಯೂಟರಿಗೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಸ್ನಾನ ಮಾಡುವಾಗ ತಟ್ಟನೆ ಹೊಳೆದದ್ದನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಸಿ, ಅಂಗಿಯ ಎಡ ಜೇಬಿಗಿಟ್ಟಿದ್ದ.

"ಶುರುವಾಯ್ತಾ ನಿಮ್ಮ ತಪಸ್ಸು?" ಎಂದಿದ್ದಳು ಹೆಂಡತಿ. "ಮೊದಲನೇ ಹಾವಿಗೆ ತಿಂಗಳಿಡೀ ಗಂಜಿ ಕುಡಿದ್ರಿ. ಆಮೇಲೆ ನೆಲದ ಮೇಲೆ ಮಲಗಿದ್ರಿ. ಹೋದ ಸಲ ಒಂದೇ ಕಾಲಿಗೆ ಬೂಟು ಹಾಕ್ಕೊಂಡು ಆಫೀಸಿಗೆ ಹೋದ್ರಿ. ಈ ಸಲ ತಿಂಡೀನೇ ಬೇಡ್ವಾ?"

"ಗ್ಯಾಸು ಕಣೇ."

"ಗ್ಯಾಸೂ ಇಲ್ಲ, ಏನೂ ಇಲ್ಲ. ಆ ಹಾವು ನಿಮ್ಮೊಳಗೇ ಸುತ್ತಿಕೊಂಡು ಕೂತಿದೆ."

ಆಟದ ಕೋಣೆಯಲ್ಲಿ ಮೇಜು ಸಿದ್ಧವಾಗಿತ್ತು. ಅಲ್ಲಿನ ಕಟ್ಟಳೆ ಒಂದೇ: ಹಾವು ಮಾಡಿದವನು ಮೂಲೆಯ ಕುರ್ಚಿಯಲ್ಲಿ ತುಟಿ ಹೊಲಿದುಕೊಂಡು ಕೂರಬೇಕು. ಕೆಮ್ಮಿದರೂ ಆಟ ರದ್ದು.

ಅಜ್ಜಿ ಬಂದಳು. ಗಡಿಯಾರವನ್ನು ಕೈಗೆ ಕಟ್ಟದೆ, ಎದೆಯ ಮೇಲೆ ತಲೆಕೆಳಗಾಗಿ ಪಿನ್ನಿನಿಂದ ಸಿಕ್ಕಿಸಿಕೊಳ್ಳುವ ವಿಚಿತ್ರ ಹೆಂಗಸು. ಎಂದಿನಂತೆ ನೇರ ಮೂಲೆಗೆ ಬಂದು ಅವನ ಕೈ ಹಿಡಿದಳು.

"ಹೇಗಿದ್ದೀಯಪ್ಪಾ?"

"ಸ್ವಲ್ಪ ಗ್ಯಾಸು. ಬಿಟ್ರೆ ಆರಾಮ."

ಕೈ ಬಿಡಲೊಲ್ಲಳು. ಕಣ್ಣು ಮಾತ್ರ ಗಡಿಯಾರದ ಮೇಲೆ. ಯೋಗಕ್ಷೇಮ ಕೇಳುತ್ತಲೇ ಹೊತ್ತು ನೋಡುವ ಜನರನ್ನು ಕಂಡರೆ ಹಾವಾಡಿಗನಿಗೆ ಮೈ ಉರಿಯುತ್ತಿತ್ತು.

"ಇವತ್ತು ನಿಮಗೆ ಯಾರು ಹೇಳಿಕೊಟ್ಟಿದ್ದಾರೆ ಅಜ್ಜಿ?" ಎಂದು ಚುಚ್ಚಿದ.

"ಪ್ರತಿ ಸಲ ನೀನೇ ಹೇಳ್ತೀಯಲ್ಲೋ," ಎಂದಳು. ಈ ಸಲ ನಗಲಿಲ್ಲ. ಆಡಲೆಂದು ಮೇಜಿನ ಬಳಿ ಕೂತಿದ್ದ ಕಂಪನಿಯ ಡ್ರೈವರನತ್ತ ತಿರುಗಿ, "ವ್ಯಾನು ತಂದಿದ್ದೀಯಾ?" ಎಂದು ಕೇಳಿದಳು. ಆಟ ಶುರುವಾಗುವ ಮುಂಚೆಯೇ ಮನೆಗೆ ಹೋಗುವ ಏರ್ಪಾಡು! ಗೆಲ್ಲುವ ಬಗ್ಗೆ ಎಷ್ಟು ಖಾತ್ರಿ ಈ ಮುದುಕಿಗೆ!

ಕತೆ ಹೇಳುವವರು ಮಾಲೀಕರೇ. ಗಂಟಲು ಸರಿಮಾಡಿಕೊಂಡರು. "ಹಡಗಿನ ಎಡಕ್ಕೆ ನೀರು ಉಬ್ಬಿತು. ಮುನ್ನೂರು ಅಡಿ ಉದ್ದದ ಹಾವು ರೆಕ್ಕೆ ಬಿಚ್ಚಿ ಹೆಡೆ ಎತ್ತಿತು."

"ಹಾರ್ನ್ ಹೊಡೀರಿ," ಎಂದ ಡ್ರೈವರ್. "ಸೈಡ್ ಕೊಡುತ್ತಾ ನೋಡೋಣ." ದಾಳಕ್ಕೆ ಕೈ ಚಾಚಿದ.

ಅಜ್ಜಿ ಅವನ ಕೈಯನ್ನು ಸರಿಸಿದಳು. "ಮೊದಲ ಏಟು ನನ್ನದು. ಹೊತ್ತಿಲ್ಲ."

ಫ್ಯಾನು ತಿರುಗುತ್ತಲೇ ಇತ್ತು, ಆದರೂ ಮೂಲೆಯಲ್ಲಿ ಹಾವಾಡಿಗ ಬೆವರುತ್ತಿದ್ದ. ಅಂಗೈಯಿಂದ ಜೇಬನ್ನು ಒತ್ತಿ ಹಿಡಿದಿದ್ದ. ಈ ಚೀಟಿಗೆ ಯಾರ ಕಣ್ಣೂ ತಾಕಬಾರದು. ಮುದುಕಿ ಹಾವಿನ ಚಿತ್ರವನ್ನು ಒಂದು ಸಲವಾದರೂ ನೋಡಬೇಕಲ್ಲ? ಇಲ್ಲ. ಅವನನ್ನೇ ನೋಡುತ್ತಿದ್ದಳು.

"ಎಡ ರೆಕ್ಕೆ ಕೆಳಗೆ," ಎಂದಳು.

ಮಾಲೀಕರು ಬಂದು ಅವನ ಜೇಬಿನಿಂದ ಚೀಟಿ ತೆಗೆದು, ಒಂದೊಂದೇ ಮಡಿಕೆ ಬಿಚ್ಚಿದರು. ಬೆವರಿಗೆ ಶಾಯಿ ಕದಡಿದ್ದರೂ ಅಕ್ಷರ ಓದುವಂತಿತ್ತು. "ಎಡ ರೆಕ್ಕೆಯ ಕೆಳಗೆ."

ಎರಡು ನಿಮಿಷವೂ ಆಗಿರಲಿಲ್ಲ.

"ಮೋಸ!" ಹಾವಾಡಿಗ ಎದ್ದು ನಿಲ್ಲಲು ಹೋಗಿ ಮತ್ತೆ ಕುಸಿದು ಕೂತ. ಬೆರಳು ಚಿತ್ರಗಾರ್ತಿಯತ್ತ ಚಾಚಿತು. "ಇವಳೇ! ಇವಳೇ ಹೇಳಿರೋದು!"

"ರೆಕ್ಕೆ ಎಷ್ಟು ಅಂತಾನೇ ನೀವು ನನಗೆ ಹೇಳಿಲ್ಲ," ಎಂದಳು ಚಿತ್ರಗಾರ್ತಿ. "ಸುಮ್ನೆ ಆರು ಬರೆದಿಟ್ಟಿದ್ದೀನಿ."

"ನಾಳೆಯಿಂದ ಕಪ್ಪೆ," ಎಂದರು ಮಾಲೀಕರು.

"ಕಪ್ಪೆ ಆಮೇಲೆ," ಎಂದಳು ಅಜ್ಜಿ. ಅಷ್ಟರಲ್ಲಿ ಮೂಲೆಗೆ ಬಂದು ಮತ್ತೆ ಅವನ ಮಣಿಕಟ್ಟು ಹಿಡಿದಿದ್ದಳು. "ಡ್ರೈವರಪ್ಪಾ, ಎಲ್ಲಾ ಸೇರಿ ಇವನನ್ನ ಕುರ್ಚಿ ಸಮೇತ ಎತ್ತಿ ಕೆಳಗೆ ಇಳಿಸಿ. ಒಂದು ಮೆಟ್ಟಿಲೂ ನಡೆಸಬೇಡಿ."

"ಯಾರು ಹೇಳಿದ್ದು ನಿಮಗೆ?" ಹಾವಾಡಿಗ ಏದುಸಿರು ಬಿಡುತ್ತ ಕೇಳಿದ. "ಅದನ್ನಾದ್ರೂ ಹೇಳಿ."

"ಹಲ್ಲು ನೋವಲ್ಲಿ ಕೆನ್ನೆ ಊದಿಸಿಕೊಂಡು ಬಂದೆ, ಹಾವಿಗೆ ಹಲ್ಲು, ಸೊಂಟ ಹಿಡ್ಕೊಂಡು ಬಂದೆ, ಹಾವಿಗೆ ಬೆನ್ನು, ಕಾಲಿನ ಉಗುರು ಕಿತ್ಕೊಂಡು ಬಂದೆ, ಹಾವಿಗೆ ಬಾಲ, ಮೂವತ್ತೆಂಟು ವರ್ಷ ಆಸ್ಪತ್ರೇಲಿ ನರ್ಸ್ ಆಗಿದ್ದೋಳು ನಾನು ಮಗಾ, ಇದು ಗ್ಯಾಸ್ ಅಲ್ಲ."