ಅಜ್ಜನ ಕಂಬಳಿಯ ಮೇಲೆ ಕೂತವಳು

ಉಣ್ಣೆ ಕಂಬಳಿಯ ವಾಸನೆ ಬಂದರೆ ಇವತ್ತಿಗೂ ನನಗೆ ಪಾದ್ರಿಗಳ ಮಗಳ ಮೇಲೆ ಹೊಟ್ಟೆ ಉರಿಯುತ್ತದೆ.

ಅಜ್ಜ ಹಿರಿಯೂರಿನ ಹೊರಗೆ ಕುರಿ ಮೇಯಿಸುತ್ತಿದ್ದ. ನಾನು ಬುತ್ತಿ ಒಯ್ದ ಒಂದು ಮಧ್ಯಾಹ್ನ ಪಾದ್ರಿಗಳೂ ಅವರ ಮಗಳೂ ಅಲ್ಲಿಗೆ ಬಂದರು. ಪಾದ್ರಿಗಳು ಬೈಬಲನ್ನು ಸಾಲು ಸಾಲಾಗಿ ಅಭ್ಯಾಸ ಮಾಡುವವರು. ಕುರಿಗಳು ತಮ್ಮ ಕುರುಬನ ದನಿಯನ್ನಷ್ಟೇ ಹಿಂಬಾಲಿಸುತ್ತವೆ ಎಂಬ ಯೇಸುವಿನ ಮಾತನ್ನು ಅವರು ಕಣ್ಣಾರೆ ನೋಡಬೇಕಿತ್ತು.

ಅಜ್ಜ ಹೆಗಲ ಮೇಲಿನ ಕಂಬಳಿ ಹಾಸಿ, “ಕುಂತ್ಕಳವ್ವ” ಅಂತ ಅವರ ಮಗಳನ್ನು ಕೂರಿಸಿದ. ನಾನು ಮುಟ್ಟಿದರೆ ಗದರುತ್ತಿದ್ದ ಕಂಬಳಿ ಅದು! ಸಾಲದ್ದಕ್ಕೆ ಕುರಿ ಕರೆಯುವ ಕೂಗನ್ನೂ ಅವಳಿಗೆ ಹೇಳಿಕೊಟ್ಟ.

ಅವಳು ಕೂಗಿದಳು. ಒಂದು ಕುರಿಯೂ ತಲೆ ಎತ್ತಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು ನಿಂತು ಗಂಟಲು ಹರಿಯುವಂತೆ ನಾನೂ ಕೂಗಿದೆ. ಕುರಿಗಳು ತಮ್ಮ ಪಾಡಿಗೆ ಮೇಯುತ್ತಲೇ ಇದ್ದವು.

“ಮನೆ ಮಗು ದನಿನೂ ಇವಕ್ಕೆ ಗೊತ್ತಿಲ್ವಾ ಯಜಮಾನ್ರೇ?” ಅಂತ ಪಾದ್ರಿಗಳು ಕೇಳಿದರು.

“ಗೊತ್ತಾಗಬಾರ್ದು ಅಂತಾನೇ ಕುರಿ ಹಿಂದೆ ಬಿಟ್ಟಿಲ್ಲ ಸ್ವಾಮಿ. ಕಂಬಳಿನೂ ಮುಟ್ಟಿಸಿಲ್ಲ. ಇವ್ಳು ಓದ್ಬೇಕು, ನಿಮ್ ಮಗಳಂಗೆ.”

ಪಾದ್ರಿಗಳು ಕೈಯಲ್ಲಿದ್ದ ಬೈಬಲ್ ಮುಚ್ಚಿದರು. ನಾನು ಕಂಬಳಿಯನ್ನೇ ನೋಡುತ್ತಿದ್ದೆ. ಅವಳು ಇನ್ನೂ ಅದರ ಮೇಲೇ ಕೂತಿದ್ದಳು.