ಎರ್ಮಾಳಿನ ಕೌಂಟ್‌ಡೌನ್

ನಸುಕಿನ ನಾಲ್ಕು ಗಂಟೆಗೆ ಕತ್ತಲೆಯ ಕಡಲಿನಿಂದ 'ಟಕ್, ಟಕ್' ಎಂದು ಸಣ್ಣ ಸದ್ದು ಬಂತು. ಸೌಮ್ಯಶ್ರೀ ಕೂಗಿದಳು. "ನಿಲ್ಲಿಸು ಮನೀಶ್! ಎಣಿಸಬೇಡ!"

ಎರ್ಮಾಳಿನ ಮರಳಿನ ಮೇಲೆ, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಮಾಡಿದ ಆಳೆತ್ತರದ ರಾಕೆಟ್ ನಿಂತಿತ್ತು. ಹತ್ತರಿಂದ ನಾಲ್ಕರವರೆಗೆ ಎಣಿಸಿದ್ದ ಮನೀಶ್ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.

"ಎಂತ ಮಾರಾಯ್ತಿ, ಇದೆಂತ ಸರಕಾರಿ ಉಡಾವಣಾ ಕೇಂದ್ರವಾ? ಅಲ್ಲಿ ಒಂದು ದೋಣಿ ಅಡ್ಡ ಬಂದರೂ ಹತ್ತು ಜನರ ಒಪ್ಪಿಗೆಗೆ ಕಾಯಬೇಕು, ಖಾಸಗಿಯವರದ್ದು ಒಂದೇ ಮಾತಿನ ಕೆಲಸ ಅಂತ ಸೆಮಿನಾರಿಗೆ ಬರೆದದ್ದು ನೀನೇ ಅಲ್ವಾ?"

ಬರೆದದ್ದು ಹೌದು. ಸರಕಾರಿ ಕೇಂದ್ರದ ಹೆಸರಿನೆದುರು 'ತಡ' ಎಂದು ಕೆಂಪು ಶಾಯಿಯಲ್ಲಿ ಬರೆದವಳು ಅವಳೇ. ಇವತ್ತು 'ಕಡಲು ಖಾಲಿ' ಎಂದು ಸಹಿ ಹಾಕಿದವಳೂ ಅವಳೇ. ಎರಡು ದಿನ ಕೂತು ಎಂಜಿನ್ ದೋಣಿಯವರಿಗೆಲ್ಲ ಫೋನ್ ಮಾಡಿದ್ದಳು. ಆದರೆ ಅವಳ ಸೋದರಮಾವ ಕಿಟ್ಟಮಾಮನ ದೋಣಿಗೆ ಎಂಜಿನ್ ಇಲ್ಲ, ದೀಪ ಇಲ್ಲ. ಮಾಮನ ಬಳಿ ಫೋನೂ ಇಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ಮಾಮನಿಗೆ ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅದು ಮಾಮ ಹುಟ್ಟು ಬಡಿಯುವ ಸದ್ದು. ದೋಣಿಯ ಅಂಚಿಗೆ ಎರಡು ಸಲ ಬಡಿದರೆ, ದಡದವರು ಬಲೆಯ ಹಗ್ಗ ಎಳೆಯುವುದನ್ನು ನಿಲ್ಲಿಸಬೇಕು ಅಂತ. ಬೆರಳು ತೆಗಿ!"

ಮನೀಶ್ ಕಡಲಿನತ್ತ ಟಾರ್ಚ್ ಬೆಳಕು ಬಿಟ್ಟ. ರಾಕೆಟ್ ಸಾಗಬೇಕಿದ್ದ ದಾರಿಯಲ್ಲೇ ಒಂದು ಸಣ್ಣ ದೋಣಿ, ಅದರಲ್ಲಿ ಹುಟ್ಟು ಹಿಡಿದು ನಿಂತ ಮುದುಕ. ಮನೀಶ್ ಬೆರಳು ತೆಗೆದದ್ದಷ್ಟೇ ಅಲ್ಲ, ಬ್ಯಾಟರಿಯ ತಂತಿಯನ್ನೇ ಕಿತ್ತು ಹಾಕಿದ.

"ಸೌಮ್ಯಾ, ಆ 'ತಡ' ಅಂತ ಬರೆದದ್ದನ್ನು ಮೊದಲು ಅಳಿಸು ಮಾರಾಯ್ತಿ."

ದೋಣಿ ದಡ ಮುಟ್ಟಿದಾಗ ಅವಳು ಓಡಿಹೋಗಿ ಮಾಮನ ಕೈ ಹಿಡಿದುಕೊಂಡಳು. ಉಪ್ಪುನೀರಿನಲ್ಲಿ ನೆನೆದಿದ್ದರೂ ಅದು ಬೆಚ್ಚಗಿತ್ತು. ಅಷ್ಟೇ ಸಾಕೆನಿಸಿತು ಅವಳಿಗೆ.

"ಇವತ್ತು ಈ ಕಡೆ ಬರಬಾರದು ಅಂತ ನಿಮಗೆ ಯಾರೂ ಹೇಳಲಿಲ್ಲವಾ?" ಮನೀಶ್ ಕೇಳಿದ.

ಕಿಟ್ಟಮಾಮ ಸೊಸೆಯ ಮುಖ ನೋಡಿದರು. "ಹೇಳಿದ್ದಳು ಮಗಾ. ನನಗೇ ಮರೆತುಹೋಯಿತು. ಪ್ರಾಯ ಆಯಿತಲ್ಲ."

"ಇಲ್ಲ ಮಾಮ, ನಾನು..."

ಮಾಮನ ಹೆಬ್ಬೆರಳು ಅವಳ ಅಂಗೈಯನ್ನು ಮೆಲ್ಲಗೆ ಒತ್ತಿತು. ಒಮ್ಮೆ, ಮತ್ತೊಮ್ಮೆ.

ಅವಳು ಮಾತು ನಿಲ್ಲಿಸಿದಳು. ಇನ್ನು ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಆ ಕೈಯನ್ನು ಮಾತ್ರ ಬಿಡಲಿಲ್ಲ.